ಎದುರು ಅರ್ಥವಿಲ್ಲದ ಮನೆ

"ಕಾಣ್ ಗುಣವತಿ, ನೀ ಹೆದ್ರಬೇಡ. ಇದ್ ಕಾಯ್ಲೆ ಅಲ್ಲ. ಕಾಯಿಲೆ ಎಂದರೆ ಯಾವುದು? ಮೈಯೊಳಗೆ ಹುಟ್ಟಿ ಮೈಯನ್ನೇ ತಿನ್ನುವುದು ಕಾಯಿಲೆ. ಇದು ಹೊರಗಿನಿಂದ ಬಂದದ್ದು. ಬಂದವನು ಯಾರು? ನಾಗ. ಯಾಕೆ ಬಂದ? ನಮ್ಮಿಂದ ಒಂದು ತಪ್ಪಾಗಿದೆ, ಅದನ್ನು ಕೇಳಲು ಬಂದ. ಪುರಾಣದಲ್ಲಿ ಹುತ್ತದ ಅರಸನ ಕಥೆ ಉಂಟು, ನೀನೂ ನನ್ನ ಬಾಯಲ್ಲಿ ಕೇಳಿದವಳೇ. ಕೆರೆ ತೋಡಿಸುವ ಹುಮ್ಮಸ್ಸಿನಲ್ಲಿ ಅವನು ಹುತ್ತ ಒಡೆಸಿದ. ಸೊಂಟಕ್ಕೆ ಬೆಂಕಿಯ ಹಗ್ಗ ಕಟ್ಟಿದ ಹಾಗೆ ಸುತ್ತು ಎದ್ದಿತು. ಆಗ ಅರಸ ಏನೆಂದ? ಬಾಗಿಲಿಗೆ ಬಂದು ನಿಂತವನ ಮುಖಕ್ಕೆ ಬಾಗಿಲು ಹಾಕಿದರೆ ಅವನು ಹೋಗುವುದಿಲ್ಲ, ಹಿತ್ತಿಲಿನಿಂದ ಒಳಗೆ ಬರುತ್ತಾನೆ. ಬಂದವನನ್ನು ಕೂರಿಸಬೇಕು, ಅವನ ಕೋಪ ಇಳಿಯುವವರೆಗೆ ತಾಳಬೇಕು. ಹಾಗೆಂದು ಅರಸ ತಾಳಿದ. ನಾಗ ಸುತ್ತು ಬಿಚ್ಚಿದ. ಈಗ ನಾವು ಸೂಜಿ ಚುಚ್ಚಿಸಿದರೆ, ಗುಳಿಗೆ ನುಂಗಿದರೆ ಏನಾಯಿತು? ಬಾಗಿಲು ಹಾಕಿದ ಹಾಗಾಯಿತು. ಇವತ್ತು ಹಣೆಯಲ್ಲಿರುವ ಉರಿ ನಾಳೆ ಮಂಡೆಯೊಳಗೆ ಇಳಿಯುತ್ತದೆ. ನಂಗೆ ನೀ ಬೇಕ್ ಅಂದೇ ಹೇಳುದ್. ತಾಳ್. ನಾನಿದ್ನಲ."

ಪ್ರೇಮಾನಂದ ಶೆಟ್ಟರು ಇಷ್ಟನ್ನೂ ಹೇಳಿದ್ದು ಕೋಟದ ತಮ್ಮ ಮನೆಯ ಚಾವಡಿಯಲ್ಲಿ ನಿಂತು, ಹೆಂಡತಿ ಗುಣವತಿಯ ಬಲಹಣೆಯಿಂದ ರೆಪ್ಪೆಯವರೆಗೆ ಬೊಕ್ಕೆ ಎದ್ದು ಕಣ್ಣು ಬೀಗಿಹೋದ ಒಂದು ಬೆಳಿಗ್ಗೆ. ಊರಿನವರು ಸರ್ಪಸುತ್ತು ಅನ್ನುವುದು ಅದನ್ನೇ. ಗುಣವತಿಗೆ ಆ ಮಾತು ಇವತ್ತಿಗೂ ಅಕ್ಷರ ತಪ್ಪದೆ ನೆನಪಿದೆ. ನೆನಪು ಮಾಡಿಕೊಳ್ಳಬೇಕೆಂದಿಲ್ಲ, ತಾನಾಗಿ ಬರುತ್ತದೆ. ಹಾಲು ಉಕ್ಕುವುದನ್ನು ಕಾಯುತ್ತ ನಿಂತಾಗ ಬರುತ್ತದೆ, ಹಗ್ಗದ ಮೇಲಿನ ಬಟ್ಟೆ ತೆಗೆಯುವಾಗ ಬರುತ್ತದೆ. ಶೆಟ್ಟರು ಪೇಟೆಗೆ ಹೋಗಿ ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಚಾವಡಿಯಿಂದ ಕೇಳಿದ ಹಾಗಾಗಿ ಅವಳು ಕೈಯಲ್ಲಿದ್ದ ಸೌಟು ಹಿಡಿದುಕೊಂಡೇ ಬಂದು ಇಣುಕಿದ್ದೂ ಉಂಟು. ಅಲ್ಲಿ ಖಾಲಿ ಕುರ್ಚಿ, ಅದರ ಬೆನ್ನಿಗೆ ಅವರ ಶಾಲು.

ಆ ಮಾತಿನ ಮೊದಲ ತುಂಡು ಮನೆಯದು, ಕೊನೆಯ ತುಂಡೂ ಮನೆಯದು. ನಡುವಿನದೆಲ್ಲ ತಾಳಮದ್ದಳೆಯದು. ಶೆಟ್ಟರು ಹಾಗೆಯೇ. ಚಾ ಬೇಕು, ಚಪ್ಪಲಿ ಎಲ್ಲಿ ಎಂಬ ಮಾತಿಗೆಲ್ಲ ಊರ ಭಾಷೆ. ಮಾತಿಗೆ ತೂಕ ಬಂತೋ, ಪುಸ್ತಕದ ಕನ್ನಡ ಇಳಿಯುತ್ತಿತ್ತು. ಸ್ವರವೂ ಒಂದು ಮೆಟ್ಟಿಲು ಕೆಳಗೆ ಇಳಿಯುತ್ತಿತ್ತು. ಆ ಸ್ವರ ಕೇಳಿದರೆ ಗುಣವತಿ ಮದುವೆಯಾದ ಹೊಸದರಲ್ಲಿ ಹೇಗೋ, ಮೊನ್ನೆ ಮೊನ್ನೆಯವರೆಗೂ ಹಾಗೆಯೇ, ಮಾಡುವ ಕೆಲಸ ಬಿಟ್ಟು ನಿಲ್ಲುತ್ತಿದ್ದಳು.

ಶೆಟ್ಟರು ಶಾಲೆ ಕಲಿತದ್ದು ಕಡಿಮೆ. ಮೀಸೆ ಮೂಡುವ ಮೊದಲೇ ಬೊಂಬಾಯಿಗೆ ಹೋಗಿ ಹೋಟೆಲಿನಲ್ಲಿ ಲೋಟ ತೊಳೆದವರು. ತೊಳೆಯುವಲ್ಲಿಂದ ಬಡಿಸುವಲ್ಲಿಗೆ, ಬಡಿಸುವಲ್ಲಿಂದ ಹಣ ಎಣಿಸುವ ಗಲ್ಲಾಪೆಟ್ಟಿಗೆಗೆ ಬಂದು, ಕಡೆಗೆ ಅಕ್ಕನ ಗಂಡನ ಜೊತೆ ಸೇರಿ ತಮ್ಮದೇ ಹೋಟೆಲು ಮಾಡಿದರು. ಊರಿನವರೆಲ್ಲ ಕೂಡಿ ಅಲ್ಲಿ ರಜೆಯ ದಿನ ಯಾರದಾದರೂ ಜಾಗದಲ್ಲಿ ತಾಳಮದ್ದಳೆ ಇಡುತ್ತಿದ್ದರು. ಇವರು ಚಾ ಕೊಡಲು ಹೋದವರು ಅಲ್ಲೇ ಗೋಡೆಗೆ ಒರಗಿ ಕೂರತೊಡಗಿದರು. ಕೇಳುತ್ತ ಕೇಳುತ್ತ ಪುರಾಣ ಬಾಯಿಗೆ ಬಂತು. ಒಂದು ದಿನ ಪಾತ್ರದ ಮಾತು ಹೇಳಬೇಕಾದ ಅರ್ಥಧಾರಿ ಬಾರದೆ ಹೋದಾಗ ಇವರನ್ನೇ ಕೂರಿಸಿದರು. ಅವತ್ತಿನಿಂದ ಅವರ ಬಾಳಿನಲ್ಲಿ ಹೋಟೆಲು ಎರಡನೆಯದಾಯಿತು. ಊರಿಗೆ ವಾಪಸು ಬಂದ ಮೇಲಂತೂ ಮಳೆಗಾಲದಲ್ಲಿ ಮನೆಯಲ್ಲಿ ಸಿಕ್ಕುತ್ತಲೇ ಇರಲಿಲ್ಲ. ಇವತ್ತು ಬೈಂದೂರು, ನಾಳೆ ಮರವಂತೆ, ನಾಡಿದ್ದು ಅಮಾಸೆಬೈಲು.

ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಕಥೆಯ ಪದ ಹಾಡುತ್ತಾರೆ. ಕೂತವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಅದಕ್ಕೆ ಅರ್ಥ ಹೇಳುತ್ತಾರೆ. ಅರಸನಾದವನು ಅರಸನ ಪರ ವಾದಿಸಬೇಕು, ಅರಸನ ವೈರಿಯಾದವನು ವೈರಿಯ ಪರ. ಪಾತ್ರಕ್ಕೆ ಒದಗುವ ಮಾತನ್ನು ಪುರಾಣದಿಂದ ಎತ್ತಿಕೊಳ್ಳಬೇಕು, ಒದಗದ್ದನ್ನು ಮೆಲ್ಲಗೆ ಬಿಟ್ಟುಬಿಡಬೇಕು. ಅದನ್ನು ಯಾರೂ ಮೋಸ ಅನ್ನುವುದಿಲ್ಲ. ಕಸುಬೇ ಅದು. ಬಿಟ್ಟದ್ದನ್ನು ಎತ್ತಿ ಹಿಡಿಯಲು ಎದುರಿಗೆ ಇನ್ನೊಬ್ಬ ಕೂತಿರುತ್ತಾನೆ. ಅದಕ್ಕೇ ಎದುರು ಅರ್ಥ ಅನ್ನುವುದು. ಸಭೆ ಎರಡನ್ನೂ ಕೇಳಿ ತೂಗಿ ಎದ್ದು ಹೋಗುತ್ತದೆ.

ಶೆಟ್ಟರ ಮನೆಯಲ್ಲಿ ಎದುರು ಕೂರುವವರು ಯಾರೂ ಇರಲಿಲ್ಲ.

ಇದರಿಂದ ಬಹಳ ಕಾಲ ಯಾರಿಗೂ ಕೆಟ್ಟದಾಗಲಿಲ್ಲ. ನಗುವ ಸಂಗತಿಯೇ ಆಗಿತ್ತು. ಸೋಮವಾರ ಮನೆಯಲ್ಲಿ ಮೀನು ಮಾಡುವ ಕ್ರಮ ಇಲ್ಲ. ಆದರೆ ಒಂದು ಸೋಮವಾರ ಯಾರೋ ಒಳ್ಳೆಯ ಕಾಣೆ ಮೀನು ತಂದುಕೊಟ್ಟಾಗ ಶೆಟ್ಟರು ಬಂದ ಅನ್ನವನ್ನು ದೂರ ಮಾಡಬಾರದೆಂದು ಯಾವುದೋ ಋಷಿಯ ಕಥೆ ತೆಗೆದು, ಮಧ್ಯಾಹ್ನ ಹುರಿಸಿ ತಿಂದರು. ಮಗಳು ಅಕ್ಷಯಾ ಆಗ ಇನ್ನೂ ಕಾಲೇಜಿಗೆ ಹೋಗುವವಳು. "ಅಪ್ಪಯ್ಯಂಗೆ ಮೀನ್ ತಿಂಬುಕೆ ಮನ್ಸಾರೆ ಅದ್ಕೂ ಒಂದ್ ಪುರಾಣ ಹುಟ್ಟುತ್ತ್" ಎಂದು ತಟ್ಟೆಯ ಮೇಲಿಂದಲೇ ಕುಟುಕಿದಳು. ಶೆಟ್ಟರೂ ನಕ್ಕರು. ಗುಣವತಿ ನಗುತ್ತ ಇನ್ನೊಂದು ತುಂಡು ಬಡಿಸಿದಳು. ಮೊದಲು ಆಸೆ, ಆಮೇಲೆ ಪುರಾಣ ಎಂಬುದು ಎಲ್ಲರಿಗೂ ಕಂಡದ್ದೇ. ಕಂಡೂ ಅದು ಎಲ್ಲಿಯವರೆಗೆ ಹೋಗಬಹುದೆಂದು ಯಾರೂ ಎಣಿಸಲಿಲ್ಲ.

ಮನೆಯ ಪಕ್ಕ ನಾಗನ ಕಲ್ಲುಗಳಿರುವ ಹಳೆಯ ನಾಗಬನ ಇದೆ. ಕಾರು ತಂದ ವರ್ಷ ಅದು ಅಂಗಳಕ್ಕೆ ಬರಲು ದಾರಿ ಸಾಲದೆ ಹೋಯಿತು. ಬನದ ಒಂದು ಬದಿಯ ಮರ ಬಳ್ಳಿ ಸವರಿಸಿ ಜಾಗ ಮಾಡಿದರು. ಅದಕ್ಕೂ ಅವರಲ್ಲಿ ಮಾತಿತ್ತು. ನಾಗನಿಗೆ ಬೇಕಾದ್ದು ಕಲ್ಲು ಮತ್ತು ನೆರಳು, ಗಡಿ ಎಂಬುದು ಮನುಷ್ಯರು ಹಾಕಿದ್ದು ಅಂದರು. ಊರಿನಲ್ಲಿ ಯಾರೂ ಎದುರು ಹೇಳಲಿಲ್ಲ. ಆದರೆ ದಾರಿ ಆದ ಮೇಲೆ ಶೆಟ್ಟರು ಕಾರು ತೆಗೆಯುವಾಗಲೆಲ್ಲ ಆ ಬದಿಗೆ ಮುಖ ತಿರುಗಿಸುತ್ತಿರಲಿಲ್ಲ. ಗುಣವತಿ ಅದನ್ನು ಕಂಡಿದ್ದಳು. ಹಿತ್ತಿಲಲ್ಲಿ ಒಂದು ಕೇರೆ ಹಾವು ಹರಿದರೂ ಅವರು ಒಳಗೆ ಬಂದು ನೀರು ಕುಡಿಯುತ್ತಿದ್ದರು.

ಹೀಗಿರುವಾಗ ಹೆಂಡತಿಯ ಹಣೆಯಲ್ಲಿ ಸರ್ಪಸುತ್ತು ಎದ್ದಿತು. ಕನ್ನಡಿ ಕೆಳಗಿಟ್ಟು ಗುಣವತಿ ಗಂಡನ ಕಡೆ ತಿರುಗಿದಾಗ ಅವರ ಮುಖದಲ್ಲಿ ಹೆದರಿಕೆ ಇತ್ತು. ಹೆದರಿಕೆಯ ಹಿಂದೆ ಬೇರೆ ಒಂದು ಇತ್ತು. ಬಹಳ ದಿನದಿಂದ ಬರಬೇಕಾದವರು ಕಡೆಗೂ ಬಂದರು ಎಂದಾಗ ಕಾಯುತ್ತಿದ್ದವನ ಮೈ ಸಡಿಲವಾಗುತ್ತದಲ್ಲ, ಅದು. ಶಿಕ್ಷೆ ಬಂದಿತ್ತು, ತನ್ನ ಮೈಗೆ ಬಾರದೆ ಪಕ್ಕದ ಮೈಗೆ ಬಂದಿತ್ತು. ಗುಣವತಿ ಅದನ್ನು ಆಗಲೇ ಕಂಡಳು, ಏನೆಂದು ತಿಳಿದದ್ದು ಮಾತ್ರ ಬಹಳ ತಡವಾಗಿ.

ಕೆಮ್ಮಣ್ಣು ಅರೆದು ಹಚ್ಚುವವನೊಬ್ಬನನ್ನು ಕರೆಸಿದರು. ಅವನು ಬೊಕ್ಕೆಯ ಸಾಲೇ ಹಾವು, ಅದರ ತಲೆಯೂ ಬಾಲವೂ ಕೂಡಿದರೆ ಕಷ್ಟ ಎಂದು ಹೇಳಿ, ಹಣೆಯ ತುಂಬ ಲೇಪ ಹಚ್ಚಿ ಹೋದ. ಬ್ರಹ್ಮಾವರದಲ್ಲಿ ಗಂಡನ ಮನೆಯಲ್ಲಿದ್ದ ಅಕ್ಷಯಾ ಸುದ್ದಿ ಕೇಳಿ ಸಿಕ್ಕಿದ ಬಸ್ಸು ಹತ್ತಿ ಬಂದಳು. ಅಮ್ಮನ ಮುಖ ಕಂಡವಳು ಚೀಲ ಕೆಳಗಿಡಲಿಲ್ಲ. ಈಗಲೇ ಹೊರಡಬೇಕು, ಇದು ಕಣ್ಣಿಗೆ ಇಳಿಯುವಂಥದ್ದು, ಇದಕ್ಕೆ ಗುಳಿಗೆ ಇದೆ ಅಂದಳು. ಶೆಟ್ಟರು ಅರಸನ ಕಥೆ ಎತ್ತಿದರು. ಅವಳು ನಡುವೆ ಬಾಯಿ ಹಾಕಿ, "ಅಪ್ಪಯ್ಯ, ನಿಮ್ ಪುರಾಣ ನಾಳಿಗೂ ಇರ್ತ್. ಕಣ್ಣ್ ಇಪ್ದಿಲ್ಲೆ" ಅಂದಳು. ಶೆಟ್ಟರು ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಒಳ್ಳೆಯದಿತ್ತು. ಅವರು ತಾಳ್ಮೆಯಿಂದ, ಪ್ರೀತಿಯಿಂದ, ಒಂದಾದ ಮೇಲೊಂದು ಮಾತು ಜೋಡಿಸಿದರು. ಮಾತು ಮುಗಿಯುವಾಗ ಅಕ್ಷಯಾ ಅಮ್ಮನ ಮುಖ ನೋಡಿದಳು. ಗುಣವತಿಯೇ ಹೇಳಿದ್ದು, "ಬೇಡ ಮಗಾ. ಅವ್ರ್ ಹೇಳುದ್ ಸಮ ಇತ್ತ್. ಎರಡ್ ದಿನ ಕಾಂಬ."

ಎರಡು ದಿನ ಅಂದದ್ದು ವಾರ ಕಳೆಯಿತು. ಉರಿ ತಾಳದೆ ಅವಳು ಗೋಡೆಗೆ ಹಣೆ ಒತ್ತಿ ನಿಲ್ಲುತ್ತಿದ್ದಳು. ಕಡೆಗೆ ದೊಡ್ಡ ಆಸ್ಪತ್ರೆಗೆ ಹೋದಾಗ ಬಲಗಣ್ಣಿನ ಕಪ್ಪಿನ ಮೇಲೆ ಬಿಳಿ ಪೊರೆ ಹೆಪ್ಪುಗಟ್ಟಿ ಕೂತಿತ್ತು. ಡಾಕ್ಟರು ಬೆಳಕು ಬಿಟ್ಟು ನೋಡಿದರು. ಮೊದಲೇ ಬಂದಿದ್ದರೆ ಮದ್ದು ಇತ್ತು ಎಂದಷ್ಟೇ ಹೇಳಿ ಚೀಟಿ ಬರೆದರು. ಶೆಟ್ಟರು ಬಾಗಿಲ ಬಳಿ ನಿಂತಿದ್ದರು. ಅವರಿಗೆ ಕೇಳಿಸಿತ್ತು.

ವಾಪಸು ಬರುವಾಗ ಬ್ರಹ್ಮಾವರದಲ್ಲಿ ಅಕ್ಷಯಾ ಇಳಿದು ಹೋದಳು. ಸಾಲಿಗ್ರಾಮ ದಾಟುವುದರೊಳಗೆ ಅವರಿಗೆ ಮಾತು ಸಿಕ್ಕಿತ್ತು. ಕಾರಿನ ಗಾಜಿನಿಂದ ಹೊರಗೆ ನೋಡುತ್ತ, ಕೆಳಗಿನ ಸ್ವರದಲ್ಲಿ, ನಾಗ ಪ್ರಾಣ ಕೇಳಲು ಬಂದವನು ಒಂದು ಕಣ್ಣಿಗೆ ತೃಪ್ತನಾಗಿ ಹೋದ, ಅವಳು ತಾಳಿದ್ದಕ್ಕೆ ಅಷ್ಟು ಕರುಣೆ ಸಿಕ್ಕಿತು ಅಂದರು. ಗುಣವತಿ ಉಳಿದ ಕಣ್ಣಿನಿಂದ ಅವರ ಕಡೆ ನೋಡಿ ತಲೆಯಾಡಿಸಿದಳು. ಅವರಿಗೆ ಅದು ಬೇಕಿತ್ತು. ಅವಳಿಗೂ ಬೇಕಿತ್ತು. ಸುಮ್ಮನೆ ಹೋದ ಕಣ್ಣಿಗಿಂತ ದೇವರು ತೆಗೆದುಕೊಂಡ ಕಣ್ಣು ಮೇಲಲ್ಲವೇ.

ನಾಗನ ಶಾಂತಿಗೆ ಆಶ್ಲೇಷಾ ಬಲಿ ಪೂಜೆ ಮಾಡಿಸಿದರು. ಬನದ ಸುತ್ತ ಗಿಡ ನೆಟ್ಟರು. ಮನೆಗೆ ಬಂದವರಿಗೆಲ್ಲ ಶೆಟ್ಟರು ಈ ಕಥೆ ಹೇಳುವರು. ಹೇಳುವಾಗ ಗುಣವತಿಯನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಳ್ಳುವರು. ಬಂದವರು ಕೈ ಮುಗಿಯುತ್ತಿದ್ದರು, ನಾಗನಿಗೋ ಅವಳಿಗೋ ತಿಳಿಯುತ್ತಿರಲಿಲ್ಲ. ಅವಳು ಒಳಗೆ ಬಂದು ಬಿಳಿಯ ಕಣ್ಣಿನ ನೀರು ಸೆರಗಿನಲ್ಲಿ ಒರೆಸಿಕೊಳ್ಳುವಳು. ಕಾಣದಿದ್ದರೂ ಆ ಕಣ್ಣಿನಿಂದ ನೀರು ಮಾತ್ರ ಬರುತ್ತಲೇ ಇತ್ತು.

ಕೆಲವು ವರ್ಷ ಹೀಗೇ ಹೋಯಿತು. ಆಮೇಲೆ ಎಡಗಣ್ಣು ಮಬ್ಬಾಯಿತು.

ಮೊದಲು ದೀಪದ ಸುತ್ತ ಬಳೆ ಕಂಡಿತು. ಆಮೇಲೆ ಮೆಟ್ಟಿಲಿನ ಅಂಚು ಹೋಯಿತು. ಶಾಲೆಯಲ್ಲಿ ಕಣ್ಣಿನ ಶಿಬಿರ ಇಟ್ಟಿದ್ದಾಗ ನೆರೆಮನೆಯ ಜಲಜ ಅವಳನ್ನು ಕೈ ಹಿಡಿದು ಕರೆದುಕೊಂಡು ಹೋದಳು. ಅಲ್ಲಿದ್ದ ಹುಡುಗಿ ಡಾಕ್ಟರು, ಅಮ್ಮ ನಿಮಗಿರುವುದು ಒಂದೇ ಕಣ್ಣು, ಪೊರೆ ಪೂರ್ತಿ ಹಣ್ಣಾದರೆ ಒಳಗೆ ಒತ್ತಡ ಏರಿ ಇದೂ ಹೋಗಬಹುದು, ಈಗ ಆಪರೇಶನ್ ಮಾಡಿಸಿಕೊಂಡರೆ ಚೆನ್ನಾಗಿ ಕಾಣುತ್ತದೆ, ತಡ ಮಾಡಬೇಡಿ ಅಂದಳು.

ಶೆಟ್ಟರು ಇದನ್ನು ಕೇಳಿ ಚಾವಡಿಯ ಕುರ್ಚಿಯಲ್ಲಿ ಕೂತರು. ಸ್ವರ ಇಳಿಯಿತು. ಒಂದು ಕಣ್ಣನ್ನು ತೆಗೆದು ಒಂದನ್ನು ಬಿಟ್ಟುಹೋದವನು ನಾಗ, ಬಿಟ್ಟದ್ದು ಅವನ ಪ್ರಸಾದ, ಪ್ರಸಾದಕ್ಕೆ ಕತ್ತಿ ಮುಟ್ಟಿಸುವುದುಂಟೇ ಅಂದರು. ವಯಸ್ಸಾದ ಮೇಲೆ ದೇಹದ ಬಾಗಿಲು ಒಂದೊಂದೇ ಮುಚ್ಚುವುದು ಮನಸ್ಸು ಒಳಗೆ ತಿರುಗಲಿ ಎಂದು ಅಂದರು. ಮಳೆಗಾಲದ ಈ ಸೋಣೆ ತಿಂಗಳು ಮುಗಿಯಲಿ, ನೋಡುವ ಅಂದರು. ಗುಣವತಿಗೂ ಹೆದರಿಕೆಯೇ. ಇರುವ ಒಂದು ಕಣ್ಣಿಗೆ ಏನಾದರೂ ಆದರೆ ಎಂಬ ಹೆದರಿಕೆಗೆ ಗಂಡನ ಮಾತು ಹಾಲು ಹಾಕಿ ಸಾಕಿತು. ಅಕ್ಷಯಾ ದಿನಾ ಫೋನು ಮಾಡಿ ಅಳುತ್ತಿದ್ದಳು, ಬೈಯುತ್ತಿದ್ದಳು. ಇವಳು ಸೋಣೆ ಮುಗಿಯಲಿ ಎನ್ನುತ್ತಿದ್ದಳು. ಅಷ್ಟರಲ್ಲಿ ಅನ್ನದ ತಪ್ಪಲೆಯ ಕಿವಿ ಕಾಣದ ಹಾಗಾಗಿತ್ತು, ಕೈಗೆ ಬೊಬ್ಬೆ ಬಂದಿತ್ತು.

ಆ ಸೋಣೆಯಲ್ಲೇ ದುಗ್ಗಪ್ಪ ಬಂದದ್ದು. ದುಗ್ಗಪ್ಪ ಕೋಟದ ಪೇಟೆಯಲ್ಲಿ ಬಟ್ಟೆ ಹೊಲಿಯುವವರು, ಶೆಟ್ಟರಿಗಿಂತ ಹಿರಿಯರು, ತಾಳಮದ್ದಳೆಯ ಹುಚ್ಚಿನಲ್ಲಿ ಮಾತ್ರ ಸಮವಯಸ್ಕರು. ದೇವಸ್ಥಾನದ ಸಭಾಭವನದಲ್ಲಿ ಹುತ್ತದ ಅರಸನ ಪ್ರಸಂಗ ಇಟ್ಟಿದ್ದರು. ಅರಸನೆಂದರೆ ಶೆಟ್ಟರೇ. ದೂರದೂರಿನಲ್ಲೆಲ್ಲ ಅವರ ಅರಸನಿಗೆ ಹೆಸರಿತ್ತು. ಗುಣವತಿ ಆ ಪ್ರಸಂಗವನ್ನು ಇಡಿಯಾಗಿ ಕೇಳಿದವಳಲ್ಲ. ಚಾವಡಿಯಲ್ಲಿ ಅವರು ಅಭ್ಯಾಸ ಮಾಡುವ ಅರಸನ ಮಾತಷ್ಟೇ ಅವಳ ಕಿವಿಗೆ ಬಿದ್ದದ್ದು.

"ಈ ಸಲ ಅರಸ ನಂಗೆ ಬಿಡಿ ಶೆಟ್ರೆ. ಸಾಯುದ್ರೊಳ್ಗ್ ಒಂದ್ಸಲ ಸಿಂಹಾಸನದಲ್ ಕೂಕಣ್ಕ್" ಅಂದರು ದುಗ್ಗಪ್ಪ.

"ಅರಸ ಆಪ್ಕೆ ಮೈಯಲ್ಲ್ ಸ್ವಲ್ಪ ಮಾಂಸ ಬೇಕಲೆ ದುಗ್ಗಪ್ಪಣ್ಣ."

"ಮಾಂಸ ಇಲ್ದಿದ್ರ್ ಎಂತಾಯ್ತ್? ಅಂಗಿ ಒಳ್ಗ್ ಹತ್ತಿ ತುಂಬ್ಸಿ ಹೊಲುದ್ ನಂಗ್ ಗೊತ್ತಿಲ್ಯಾ?"

ಶೆಟ್ಟರು ಗಟ್ಟಿಯಾಗಿ ನಕ್ಕು ಒಪ್ಪಿದರು. ತಾವು ವೈದ್ಯನ ಪಾತ್ರ ಮಾಡುವುದಾಗಿ ಹೇಳಿದರು. ಪಾತ್ರ ಯಾವುದಾದರೇನು, ಮಾತು ನಮ್ಮದಲ್ಲವೇ ಎಂದರು. ಗುಣವತಿ ಚಾ ತಂದಿಟ್ಟಳು. ಆ ಕಥೆಯಲ್ಲಿ ವೈದ್ಯನೂ ಇದ್ದಾನೆಂದು ಅವಳಿಗೆ ತಿಳಿದದ್ದು ಆಗಲೇ.

ತಾಳಮದ್ದಳೆಯ ದಿನ ಮಧ್ಯಾಹ್ನದ ಮೇಲೆ ಜಲಜ ಅವಳನ್ನು ಕೈ ಹಿಡಿದು ಕರೆದುಕೊಂಡು ಹೋಗಿ ಹೆಂಗಸರ ಸಾಲಿನ ಮುಂದೆಯೇ ಕೂರಿಸಿದಳು. ಮಳೆ ಹೊಯ್ಯುತ್ತಿತ್ತು. ಗುಣವತಿಗೆ ವೇದಿಕೆ ಮಂಜಿನೊಳಗಿದ್ದ ಹಾಗೆ. ಬಿಳಿಯದೊಂದು ಶಾಲು, ಅದು ಗಂಡ ಎಂದು ಕೂತ ಭಂಗಿಯಿಂದ ಗೊತ್ತಾಯಿತು. ಮುಖ ಇಲ್ಲ. ಮುಖವಿಲ್ಲದಲ್ಲಿಂದ ಸ್ವರ ಮಾತ್ರ ಬರಬೇಕು.

ಭಾಗವತರು ಪದ ಎತ್ತಿದರು. ದುಗ್ಗಪ್ಪ ಅರಸನಾಗಿ ಬಾಗಿಲಿಗೆ ಬಂದವನನ್ನು ಕೂರಿಸುವ ಮಾತು ಹೇಳಿದರು. ಶೆಟ್ಟರದೇ ಮಾತು, ಊರಿಗೆಲ್ಲ ಬಾಯಿಪಾಠವಾದದ್ದು. ದುಗ್ಗಪ್ಪನ ಬಾಯಲ್ಲಿ ಅದು ಬೇರೆಯವರ ಅಂಗಿ ಹಾಕಿಕೊಂಡ ಹಾಗಿತ್ತು. ಆದರೂ ಗುಣವತಿಯ ಹಣೆ ಜುಮ್ಮೆಂದಿತು. ಅವಳು ಕೈ ಎತ್ತಿ ಹಣೆ ಮುಟ್ಟಿಕೊಂಡಳು.

ಮದ್ದಳೆ ನಿಂತಿತು. ಶೆಟ್ಟರು ಶಾಲು ಸರಿಪಡಿಸಿಕೊಂಡರು. ಸ್ವರ ಒಂದು ಮೆಟ್ಟಿಲು ಇಳಿಯಿತು.

"ಅರಸನೇ, ಹಿರಿಯರ ಮಾತನ್ನು ನಿನಗೆ ಬೇಕಾದಲ್ಲಿ ನಿಲ್ಲಿಸಿದೆ. ಬಾಗಿಲಿಗೆ ಬಂದವನನ್ನು ಕೂರಿಸಬೇಕು ಎಂದರು, ನಿಜ. ಕೂರಿಸಿದ ಮೇಲೆ ಅವನಿಗೆ ಏನು ಬೇಕೆಂದು ಕೇಳಬೇಕು ಎಂದೂ ಅಂದರು. ಕೇಳಿದೆಯಾ? ನಾಗ ನಿನ್ನ ಮಾಂಸ ಬೇಕೆಂದು ಎಲ್ಲಿ ಹೇಳಿದ? ಒಡೆದ ಹುತ್ತವನ್ನು ಕಟ್ಟಿಕೊಡು ಎಂದ. ಬುಟ್ಟಿ ಮಣ್ಣು ಹೊತ್ತರೆ ಮುಗಿಯುವುದಕ್ಕೆ ನೀನು ಮೈ ಸುಟ್ಟುಕೊಳ್ಳುತ್ತ ಕೂತೆ. ಯಾಕೆ? ಮಣ್ಣು ಹೊರುವುದಕ್ಕಿಂತ ವ್ರತ ಹಿಡಿಯುವುದು ಅರಸನಿಗೆ ಚೆಂದ. ನೋಡುವವರು ಕೈ ಮುಗಿಯುತ್ತಾರೆ. ಹುತ್ತದ ಬುಡದಲ್ಲೇ ಹಬ್ಬುವ ಬಳ್ಳಿಯಲ್ಲಿ ಉರಿಗೆ ಮದ್ದುಂಟು. ಕೋಪವನ್ನೂ ಮದ್ದನ್ನೂ ಒಂದೇ ಕಡೆ ಇಟ್ಟವನು ನಾಗ. ನೀನು ಒಂದನ್ನು ಎತ್ತಿಕೊಂಡು ಒಂದನ್ನು ತುಳಿದೆ. ಈಗ ಹೇಳು, ನಾಗನಿಗೆ ಅಪಚಾರ ಮಾಡಿದವನು ಮದ್ದು ತಂದ ನಾನೋ, ಮದ್ದು ಬೇಡವೆಂದ ನೀನೋ?"

ಸಭೆಯಲ್ಲಿ ಚಪ್ಪಾಳೆ ಎದ್ದಿತು. ಜಲಜ ಮೈಯೆಲ್ಲ ಅರಳಿಸಿಕೊಂಡು, "ಗುಣಕ್ಕ, ಎಂತಾ ಮಾತ್ ಮಾರ್ರೆ" ಎಂದು ತೊಡೆ ಚಿವುಟಿದಳು. ಗುಣವತಿಗೆ ಚಿವುಟಿದ್ದು ಗೊತ್ತಾಗಲಿಲ್ಲ.

ಚಪ್ಪಾಳೆ ಶೆಟ್ಟರಿಗೆ ಗಾಳಿ ಹಾಕಿತು. ಸ್ವರ ಇನ್ನೂ ತುಂಬಿ ಬಂತು.

"ತಾಳುವ ವ್ರತ ಶಾಸ್ತ್ರದಲ್ಲಿ ಇಲ್ಲವೆನ್ನುವುದಿಲ್ಲ. ಅದು ನೋಯುವವನು ತಾನಾಗಿ ಹಿಡಿಯುವ ವ್ರತ. ನಿನ್ನ ಮೈ, ನಿನ್ನ ಉರಿ, ನೀನು ತಾಳು. ನಾಳೆ ಇದೇ ಸುತ್ತು ನಿನ್ನ ಅರಸಿಯ ಮೈಯಲ್ಲಿ ಎದ್ದರೆ? ತಪ್ಪು ನಿನ್ನದು, ಉರಿ ಅವಳದು. ಅವಳ ಮೈಯ ಮೇಲೆ ವ್ರತ ಹಿಡಿಯುವವನು ನೀನೋ? ಅವಳು..."

ಅಲ್ಲಿಗೆ ಸ್ವರ ನಿಂತಿತು.

ಅರ್ಥಧಾರಿಗಳು ನಡುವೆ ನಿಲ್ಲಿಸುವುದುಂಟು, ಸಭೆ ಉಸಿರು ಹಿಡಿಯಲೆಂದು. ಜನ ಉಸಿರು ಹಿಡಿದು ಕಾದರು. ಮಾಡಿನ ಮೇಲೆ ಮಳೆಯ ಸದ್ದು. ಮದ್ದಳೆಯವರು ಹೊತ್ತು ತುಂಬಿಸಲು ಬೆರಳಿನಿಂದ ಸಣ್ಣಗೆ ನುಡಿಸಿದರು. ಬಿಳಿ ಶಾಲು ಅಲುಗಲಿಲ್ಲ. ಅದು ಹೆಂಗಸರ ಸಾಲಿನ ಕಡೆ ತಿರುಗಿದೆಯೋ ಅತ್ತ ತಿರುಗಿದೆಯೋ ಗುಣವತಿಗೆ ಕಾಣಲಿಲ್ಲ. ಕಾಣದಿದ್ದರೂ ತನ್ನ ಬಿಳಿಗಣ್ಣಿನ ಮೇಲೆ ಯಾರೋ ಕೈಯಿಟ್ಟ ಹಾಗಾಯಿತು. ಕಡೆಗೆ ದುಗ್ಗಪ್ಪ ಅರಸನ ಸ್ವರದಲ್ಲೇ, ಮೆಲ್ಲಗೆ, ವೈದ್ಯನೇ, ಯಾಕೆ ಸುಮ್ಮನಾದೆ ಎಂದು ಕೇಳಿದರು. ಉತ್ತರ ಬಾರದ್ದನ್ನು ಕಂಡು ಭಾಗವತರು ಮುಂದಿನ ಪದ ಎತ್ತಿಕೊಂಡರು. ಜನ ಅದನ್ನೂ ದೊಡ್ಡ ಕಲೆಯೆಂದು ತಿಳಿದು ಚಪ್ಪಾಳೆ ತಟ್ಟಿದರು.

ಪದಗಳು ಮುಂದೆ ಹೋದವು. ಅರಸ ಒಪ್ಪಿದ. ಮಣ್ಣು ಹೊತ್ತು ಹುತ್ತ ಕಟ್ಟಿದ. ವೈದ್ಯ ಬಳ್ಳಿ ಅರೆದು ಸೊಂಟಕ್ಕೆ ಹಚ್ಚಿದ. ಆಮೇಲೆ ನಾಗ ಸುತ್ತು ಬಿಚ್ಚಿದ. ಗುಣವತಿ ಇಷ್ಟು ವರ್ಷ ಕೇಳಿಕೊಂಡು ಬಂದ ಕಥೆಯಲ್ಲಿ ಮದ್ದು ಹಚ್ಚುವ ಪದವೇ ಇರಲಿಲ್ಲ.

ಮನೆಗೆ ಬರುವವರೆಗೆ ಕಾರಿನಲ್ಲಿ ಹಿಂದೆ ಕೂತ ಜಲಜ ಒಬ್ಬಳೇ ಹೊಗಳುತ್ತಿದ್ದಳು. ಆಸ್ಪತ್ರೆಯಿಂದ ಬಂದ ಆ ದಿನ ಸಾಲಿಗ್ರಾಮದ ಹತ್ತಿರ ಅವರಿಗೆ ಮಾತು ಸಿಕ್ಕಿದ್ದು ಗುಣವತಿಗೆ ನೆನಪಾಯಿತು. ಈಗಲೂ ಸಿಗುತ್ತದೆ, ಇನ್ನೇನು ಸ್ವರ ಇಳಿಯುತ್ತದೆ ಎಂದು ಅವಳು ಕಾದಳು. ಇಳಿದರೆ ಸಾಕೆಂದೂ ಇತ್ತು, ಇಳಿಯದಿರಲೆಂದೂ ಇತ್ತು.

ಇಷ್ಟು ಕಾಲ ಅವಳು ಒಂದು ಮಾತನ್ನು ನಂಬಿ ಬದುಕಿದ್ದಳು. ಇವರಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲದೆ ಹೇಳಿದರು ಎಂದು. ಗೊತ್ತಿಲ್ಲದವರ ಮೇಲೆ ಕೋಪ ಮಾಡಿ ಏನು ಪ್ರಯೋಜನ. ಈಗ ನೋಡಿದರೆ ವೈದ್ಯನ ಮಾತೆಲ್ಲ ಅವರ ಬಾಯೊಳಗೇ ಇತ್ತು. ಒಂದೇ ಬಾಯಿಯ ಎರಡು ದವಡೆಯಲ್ಲಿ ಅರಸ, ವೈದ್ಯ ಇಬ್ಬರೂ ಕೂತಿದ್ದರು. ಚಾವಡಿಯಲ್ಲಿ ಅವಳ ಹಣೆ ಉರಿಯುತ್ತಿದ್ದಾಗ ಇವರು ಅರಸನನ್ನು ಕರೆದರು, ವೈದ್ಯನನ್ನು ಕರೆಯಲಿಲ್ಲ. ಬೇಕೆಂದೇ ಕರೆಯಲಿಲ್ಲವೋ, ಅರಸನನ್ನೇ ಹೇಳಿ ಹೇಳಿ ಇನ್ನೊಬ್ಬನನ್ನು ಮರೆತೇಬಿಟ್ಟಿದ್ದರೋ. ಅದನ್ನು ಅವಳು ಎಷ್ಟು ಸಲ ಮಗುಚಿ ನೋಡಿದರೂ ಎರಡೂ ಬದಿ ಒಂದೇ ಹಾಗೆ ಕಂಡಿತು.

ಬೆಳಿಗ್ಗೆ ಅವಳು ಅಡುಗೆಮನೆಯಲ್ಲಿ ಕೈಯಾಡಿಸಿಕೊಂಡು ಕಾಯಿ ತುರಿಯುತ್ತಿದ್ದಾಗ ಶೆಟ್ಟರು ಬಂದು ಹೊಸ್ತಿಲಲ್ಲಿ ನಿಂತರು. ಅವಳು ತಲೆ ಎತ್ತದೆಯೇ ಹೇಳಿದಳು. "ನಾಳೆ ಅಕ್ಷಯಾ ಬತ್ಲ್. ನಾ ಅವ್ಳ ಒಟ್ಟಿಗ್ ಹೋತೆ. ಕಣ್ಣ್ ಮಾಡ್ಸ್ಕಂಡ್ ಬತ್ತೆ."

ಶೆಟ್ಟರು ಗಂಟಲು ಸರಿಮಾಡಿಕೊಂಡರು. ಅಭ್ಯಾಸ ಬಲವೋ ಏನೋ, ಸ್ವರ ತಾನಾಗಿ ಕೆಳಗಿಳಿಯಿತು. "ಗುಣವತಿ, ಶಾಸ್ತ್ರದಲ್ಲಿ ಒಂದು ಮಾತುಂಟು" ಎಂದು ಸುರುಮಾಡಿದರು.

ತುರಿಯುವುದು ನಿಂತಿತು. "ಇದ್ ಅರಸಂದಾ, ವೈದ್ಯಂದಾ?" ಎಂದು ಗುಣವತಿ ಕೇಳಿದಳು.

ಕೊಂಕಿಗೆ ಕೇಳಿದ್ದಲ್ಲ. ಅವಳಿಗೆ ನಿಜವಾಗಿ ತಿಳಿಯಬೇಕಿತ್ತು. ಶೆಟ್ಟರು ಹೊಸ್ತಿಲು ಬಿಟ್ಟು ಹೋದ ಸದ್ದು ಕೇಳಿತು, ಚಾವಡಿಯ ಕುರ್ಚಿ ಕಿರುಗುಟ್ಟಿತು. ಅವಳು ಮತ್ತೆ ತುರಿಯತೊಡಗಿದಳು. ಬೆರಳಿಗೆ ತುರಿಮಣೆಯ ಹಲ್ಲು ತಾಗಿತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ.

ಕಣ್ಣಿನ ಕೆಲಸ ಒಳ್ಳೆಯದಾಯಿತು. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದರು. ಪಟ್ಟಿ ಬಿಚ್ಚಿದಾಗ ಶೆಟ್ಟರು ಎದುರಿಗೇ ಕೂತಿದ್ದರು. ಗುಣವತಿಗೆ ಮೊದಲು ಕಂಡದ್ದು ಅವರ ಬಾಯಿ. ತುಟಿ ಆಡುತ್ತಿತ್ತು, ಮಾತು ಬರುತ್ತಿರಲಿಲ್ಲ. ಅವಳು ತನ್ನ ಕಿವಿಗೇ ಏನೋ ಆಯಿತೆಂದು ಎಣಿಸಿದಳು. ಆಮೇಲೆ ಅಮ್ಮನಿಗೆ ಕಾಣುತ್ತಿದೆ ಎಂದು ಅಕ್ಷಯಾ ಕೂಗಿ ಸಿಸ್ಟರನ್ನು ಕರೆದದ್ದು ಕೇಳಿತು, ಕಿವಿ ಸರಿಯೇ ಇತ್ತು.

ಶೆಟ್ಟರು ಮತ್ತೆ ಅರ್ಥ ಹೇಳಲು ಹೋಗಲಿಲ್ಲ. ಬೈಂದೂರಿನಿಂದ ಕರೆದರು, ಕುಂದಾಪುರದಿಂದ ಕರೆದರು, ದುಗ್ಗಪ್ಪ ಎರಡು ಸಲ ಬಂದು ಕೂತು ಎದ್ದು ಹೋದರು. ಗಂಟಲು ಸರಿಯಿಲ್ಲವೆಂದು ಹೇಳಿ ಕಳಿಸಿದರು. ಗಂಟಲಿಗೆ ಏನೂ ಆಗಿರಲಿಲ್ಲ. ಹೊತ್ತು ಕಂತುವಾಗ ಅವರು ನಾಗಬನದ ಬದಿಯಲ್ಲಿ ಕಾರಿನ ದಾರಿಯ ಅಂಚಿಗೆ ನಿಲ್ಲುತ್ತಾರೆ. ಈಗ ಆ ಕಡೆಗೇ ಮುಖ. ಗುಣವತಿ ಬಟ್ಟೆ ತೆಗೆಯಲು ಹೋದಾಗ ಕೇಳಿದ್ದಾಳೆ. ಅರಸ ಹೇಳುತ್ತಾನೆ, ವೈದ್ಯ ಹೇಳುತ್ತಾನೆ, ಎರಡೂ ಒಂದೇ ಸ್ವರ. ವೈದ್ಯ ಪ್ರತಿ ಸಲವೂ ಅವಳು ಎಂಬಲ್ಲಿಗೆ ಬಂದು ನಿಲ್ಲುತ್ತಾನೆ. ಮತ್ತೆ ಮೊದಲಿನಿಂದ ಅರಸ. ಇವಳು ಬಟ್ಟೆಯ ಹೊರೆ ಎದೆಗೆ ಒತ್ತಿಕೊಂಡು, ಆ ಒಂದು ಮಾತು ಮುಂದೆ ಹೋಗಲಿ ಎಂದು ಕಾದು ನಿಲ್ಲುತ್ತಾಳೆ. ಹೋಗುವುದಿಲ್ಲ. ಅವಳ ತಲೆಯೊಳಗಿನ ಚಾವಡಿಯ ಮಾತೂ ನಿಂತಿಲ್ಲ. ಈಗ ಕಣ್ಣು ಕಾಣುವುದರಿಂದ ಬಂದು ಇಣುಕಿದರೆ ಖಾಲಿ ಕುರ್ಚಿ ಮೊದಲಿಗಿಂತ ಸ್ಪಷ್ಟವಾಗಿ ಕಾಣುತ್ತದೆ, ಅಷ್ಟೇ.

ಮೊನ್ನೆ ಸಂಜೆ ಅವಳು ಬಚ್ಚಲ ಒಲೆಯ ಮುಂದೆ ಕೂತಿದ್ದಳು. ಶೆಟ್ಟರು ಬನದ ಕಡೆಯಿಂದ ಬಂದವರು ಒಳಗೆ ಹೋಗದೆ ಅವಳ ಹಿಂದೆ ನಿಂತರು. ಸ್ನಾನಕ್ಕೆ ಬಂದರೆಂದು ಅವಳು ತಿರುಗಲಿಲ್ಲ.

"ಗುಣವತಿ" ಅಂದರು. ಪುಸ್ತಕದ ಸ್ವರವಲ್ಲ, ಚಪ್ಪಲಿ ಎಲ್ಲಿ ಎಂದು ಕೇಳುವ ಸ್ವರ. "ಆಗಳ್ ವೈದ್ಯನ್ ಮಾತ್ ನಂಗೆ ಗೊತ್ತಿತ್ತಾ?"

ಅವಳು ತಿರುಗಿ ನೋಡಿದಳು. ಅವರು ಅವಳ ಬಿಳಿಗಣ್ಣನ್ನು ನೋಡಿ ಕೇಳುತ್ತಿದ್ದರು, ಕಾಣುವ ಕಣ್ಣನ್ನಲ್ಲ. ಅದನ್ನೇ ಅವಳು ಇವರಿಂದ ಕೇಳಿ ತಿಳಿಯಬೇಕೆಂದಿದ್ದಳು. ಈಗ ಅವರೇ ಅವಳ ಬಾಗಿಲಿಗೆ ಬಂದು ನಿಂತಿದ್ದರು. ಏನು ಹೇಳಬಹುದಿತ್ತು? ಗೊತ್ತಿರಲಿಲ್ಲ ಎಂದರೆ ಅವರು ಇವತ್ತು ನಿದ್ದೆ ಮಾಡುತ್ತಾರೆ. ಅದು ಅವಳಿಗೆ ಬೇಕಾದಲ್ಲಿ ಕಥೆ ನಿಲ್ಲಿಸಿದ ಹಾಗಾಗುತ್ತದೆ. ಗೊತ್ತಿತ್ತು ಎಂದರೂ ಅದೇ.

ಹೊಗೆ ಎದ್ದಿತು. ಅವಳು ಒಲೆಯ ಕಡೆ ತಿರುಗಿ ಊದುಗೊಳವೆ ಎತ್ತಿ ಊದಿದಳು. ಬೆಂಕಿ ಹಿಡಿಯಲಿಲ್ಲ, ತೆಂಗಿನ ಮಡಲು ಇನ್ನೂ ಹಸಿ. ಒದ್ದೆ ಇದ್ದದ್ದನ್ನು ಹೊರಗೆ ಎಳೆದು ಬದಿಗಿಟ್ಟಳು. ಗೋಡೆಗೆ ಒರಗಿಸಿದ್ದ ಒಣಗಿದ ತೆಂಗಿನ ಸಿಪ್ಪೆ ಒಂದೊಂದೇ ಒಳಗೆ ದೂಡಿ, ಮೇಲೆ ಎರಡು ಗೆರಟೆ ಚಿಪ್ಪು ಇಟ್ಟು ಮತ್ತೆ ಊದಿದಳು. ಹಿಡಿಯಿತು. ಹಂಡೆಯ ಮುಚ್ಚಳ ಸರಿಸಿ ಬೆರಳು ಅದ್ದಿ ನೋಡಿದಳು, ಇನ್ನೂ ಉಗುರು ಬೆಚ್ಚಗೆ. ಮುಚ್ಚಳ ಹಾಕಿ, ಬೂದಿ ಕೆದರಿ, ಇನ್ನೊಂದು ಸಿಪ್ಪೆ ದೂಡಿದಳು.